ದರಿಬಡಚಿಗೆ ಹೋದ ಹಿತಕಿದ ಬೇಳೆ

ರೈಲು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುತ್ತಿತ್ತು. ಹೊಳೆ ನೋಡೋಣವೆಂದು ಬರ್ತಿನಿಂದ ಕಾಲು ಕೆಳಗಿಟ್ಟರೆ ನೀರು ನನ್ನ ಕಾಲಡಿಯಲ್ಲೇ ಇತ್ತು. ಸೀಟಿನ ಕೆಳಗೆ ತಳ್ಳಿದ್ದ ಥರ್ಮೋಕೋಲ್ ಡಬ್ಬಿ ರಾತ್ರಿಯಿಡೀ ಒಸರಿ, ಎದುರಿನವರ ಚಪ್ಪಲಿ ತೋಯಿಸಿ, ಬಾಗಿಲ ಕಡೆಗೆ ಸಣ್ಣ ಹಳ್ಳವಾಗಿ ಹರಿದಿತ್ತು. "ಏನ್ರಿ ಅದು, ಮೀನೇನ್ರಿ?" ಎಂದು ಮೇಲಿನ ಬರ್ತಿನ ಯಜಮಾನರು ಮೂಗು ಮುಚ್ಚಿಕೊಂಡೇ ಕೇಳಿದರು. ಅಲ್ಲ ಸಾರ್, ಅವರೆಬೇಳೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಎರಡು ಕಿಲೋ ಹಿತಕಿದ ಬೇಳೆ. ಮಾಗಡಿ ಕಡೆಯ ಸೊಗಡಿನ ಅವರೆ. ಸುಲಿದು, ನೆನೆಸಿ, ರಾತ್ರಿ ಧಾರಾವಾಹಿ ನೋಡುತ್ತ ಮನೆಮಂದಿಯೆಲ್ಲ ಕೂತು ಒಂದೊಂದೇ ಕಾಳು ಹಿತಕಿ ಸಿಪ್ಪೆ ತೆಗೆದದ್ದು. ಬೆಂಗಳೂರಲ್ಲಿ ಡಿಸೆಂಬರು ಜನವರಿ ಅಂದರೆ ಅವರೆಯ ಕಾಲ, ಅದು ಮುಗಿಯುವ ಮೊದಲು ಒಂದಿಷ್ಟು ಹಿತಕಿ ಫ್ರೀಜರಿಗೆ ತುಂಬಿಡುವುದು ನಮ್ಮಂಥವರ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿದಷ್ಟೇ ಸಹಜ. ದರಿಬಡಚಿಯ ನನ್ನ ಸ್ನೇಹಿತೆ ಎಳ್ಳಮಾವಾಸ್ಯೆಗೆ ಕರೆದಾಗ ಅದನ್ನೇ ಕಲ್ಲಿನಂತೆ ಹೆಪ್ಪುಗಟ್ಟಿಸಿಕೊಂಡು ಹೊರಟಿದ್ದೆ. "ಏನೂ ತರಬ್ಯಾಡ, ಹೊಲದಾಗ ಎಲ್ಲಾ ಐತಿ" ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಅವಳ ಊರಿರುವ ಮಹಾರಾಷ್ಟ್ರದ ಜತ್ತ ತಾಲೂಕಿನ ಬಗ್ಗೆ ನಾನು ಓದಿದ್ದೆಲ್ಲ ಬರ, ಟ್ಯಾಂಕರು, ಗಡಿ ತಂಟೆ. ಅಂಥ ಕಡೆ ಹೊಲದಲ್ಲಿ ಏನಿದ್ದೀತು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಆ ಅಹಂಕಾರ ಇಳಿಯಲು ಎರಡು ದಿನ ಹಿಡಿಯಿತು.

ಇನ್ನೊಂದು ಗುಟ್ಟೂ ಇತ್ತು. ನಮ್ಮ ಮನೆಯಲ್ಲಿ ವರ್ಷದಿಂದ ಒಂದು ವ್ಯಾಜ್ಯ ನಡೆಯುತ್ತಿದೆ. ಅತ್ತೆಗೆ ಫ್ರೀಜರಿನ ತರಕಾರಿ ಅಂದರೆ ಅದು ಸತ್ತ ತರಕಾರಿ. ಮಗಳಿಗೆ ಅದೇ ಬೇಕು, ಕತ್ತರಿಸುವ ಸುಲಿಯುವ ಕಾಟವಿಲ್ಲ. ಮಧ್ಯೆ ನಿಂತ ನನ್ನದು ಎರಡೂ ಕಡೆ ತಲೆಯಾಡಿಸುವ ಕೆಲಸ. ಹೋದ ವರ್ಷ ನಾನೇ ಫ್ರೀಜರಿಗೆ ಹಾಕಿದ್ದ ಹಿತಕಿದ ಬೇಳೆ ಯುಗಾದಿಗೆ ತೆಗೆದಾಗ ಒಣಹುಲ್ಲಿನ ವಾಸನೆ ಹೊಡೆದಿತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ವಿಜಯಪುರದಲ್ಲಿ ಇಳಿದು ಜತ್ತಕ್ಕೆ ಬಸ್ಸು ಹಿಡಿದೆ. ಗುಹಾಗರಿನ ಕಡಲ ದಂಡೆಯಿಂದ ಘಟ್ಟ ಹತ್ತಿ ಬರುವ ಹೆದ್ದಾರಿ ಇದೇ. ಗಡಿ ಎಲ್ಲಿ ದಾಟಿತೋ ತಿಳಿಯಲೇ ಇಲ್ಲ. ಬೋರ್ಡಿನ ಲಿಪಿ ಬದಲಾಯಿತು, ಹಿಂದಿನ ಸೀಟಿನವರ ಮಾತು ಬದಲಾಗಲಿಲ್ಲ. ಎರೆಭೂಮಿ ಮುಗಿದು ಮರಡಿ, ಮರಡಿ ಮುಗಿದು ಮತ್ತೆ ಎರೆ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಅದರ ನಡುವೆ ಕಡ್ಲಿಯ ಪಟ್ಟಿ, ಅಂಚಿಗೆ ಕುಸುಬಿಯ ಮುಳ್ಳಿನ ಬೇಲಿ. ಅಲ್ಲೊಂದು ಇಲ್ಲೊಂದು ದಾಳಿಂಬೆಯ ತೋಟ, ದ್ರಾಕ್ಷಿಯ ಚಪ್ಪರ. ಮಳೆ ನೆರಳಿನ ನಾಡು ಇಷ್ಟು ಹಸಿರಾಗಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಜತ್ತದ ಸ್ಟ್ಯಾಂಡಿನಲ್ಲಿ ಸ್ನೇಹಿತೆ ಕಾಯುತ್ತಿದ್ದಳು. ಡಬ್ಬಿಗೆ ಹೊಸ ಐಸು ಸಿಕ್ಕೀತೇ ಎಂದು ಹತ್ತಿರದ ಒಂದು ಅಂಗಡಿಗೆ ನುಗ್ಗಿದೆವು. ಐಸ್‌ಕ್ರೀಮಿನ ಫ್ರೀಜರಿನ ತಳದಲ್ಲಿ ಬಟಾಣಿಯ ಪ್ಯಾಕೆಟ್ಟುಗಳಿದ್ದವು. ಒಂದನ್ನು ಎತ್ತಿ ಅಲ್ಲಾಡಿಸಿದೆ, ಸದ್ದಿಲ್ಲ. ಇಡೀ ಪ್ಯಾಕೆಟ್ಟು ಒಂದೇ ಇಟ್ಟಿಗೆ. ಒಳ್ಳೆಯ ಫ್ರೋಜನ್ ಬಟಾಣಿ ಗೋಲಿಗಳಂತೆ ಗಲಗಲ ಅನ್ನಬೇಕು. ಕಾರ್ಖಾನೆಯಲ್ಲಿ ತಣ್ಣನೆಯ ಗಾಳಿಯ ಮೇಲೆ ಕಾಳುಗಳನ್ನು ತೇಲಿಸಿ ಒಂದೊಂದನ್ನೂ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿರುತ್ತಾರೆ. ಇಟ್ಟಿಗೆಯಾಗಿದೆ ಎಂದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. "ಲೈಟ್ ಹ್ವಾದ್ರ ನಾ ಏನ್ ಮಾಡ್ಲಿ ಬಾಯಾರ" ಎಂದು ಅಂಗಡಿಯವರು ನಕ್ಕರು. ಅವರ ತಪ್ಪೂ ಅಲ್ಲ. ಇಲ್ಲಿ ಕರೆಂಟಿಗೆ ತನ್ನದೇ ಪಂಚಾಂಗವಿದೆ.

ಪಕ್ಕದ ತರಕಾರಿ ಗಾಡಿಯಲ್ಲಿ "ತಾಜಾ, ತಾಜಾ" ಎಂಬ ಕೂಗು. ಕೊತ್ತಂಬರಿಗೆ ನೀರು ಚಿಮುಕಿಸುತ್ತಲೇ ಇದ್ದರು. ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಕೋಸು, ಹೂಕೋಸು, ಬಟಾಣಿ ಎಲ್ಲ ದೊಡ್ಡ ಮಾರ್ಕೆಟ್ಟಿನಿಂದ ಲಾರಿಯಲ್ಲಿ, ಕಿತ್ತು ಎರಡು ದಿನವೋ ಮೂರು ದಿನವೋ. ಬಟಾಣಿ ಕಿತ್ತ ಗಳಿಗೆಯಿಂದಲೇ ತನ್ನ ಸಕ್ಕರೆಯನ್ನು ಪಿಷ್ಟ ಮಾಡಿಕೊಳ್ಳಲು ಶುರುಮಾಡುತ್ತದೆ, ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಸೊಪ್ಪಿನ ಸಿ ಜೀವಸತ್ವವೂ ಹಾಗೆಯೇ ದಿನದಿನಕ್ಕೆ ಸೋರಿಹೋಗುತ್ತದೆ. ಅಂದರೆ ನನ್ನ ಎಡಗೈಯಲ್ಲಿ ಕರಗಿ ಹೆಪ್ಪಾದ ಬಟಾಣಿ, ಬಲಗೈಯಲ್ಲಿ ಮೂರು ದಿನದ ತಾಜಾ ಬಟಾಣಿ. ಅತ್ತೆ ಮಗಳು ಇಬ್ಬರೂ ಇಲ್ಲಿದ್ದಿದ್ದರೆ ಇಬ್ಬರ ಬಾಯಿಯೂ ಕಟ್ಟುತ್ತಿತ್ತು. ಎರಡನ್ನೂ ಇಟ್ಟು ಬಂದೆವು.

ವಡಾಪಿನಲ್ಲಿ, ಅಂದರೆ ಊರೂರಿಗೆ ಜನ ತುಂಬಿಕೊಂಡು ಹೋಗುವ ಜೀಪಿನಲ್ಲಿ, ಹದಿನಾಲ್ಕು ಜನರ ಜತೆ ನಾನೂ ನನ್ನ ಡಬ್ಬಿಯೂ ಹೊರಟೆವು. ಈ ಕಡೆ ಊರ ಹೆಸರಿಗೆ 'ದರಿ' ಅಂಟಿಕೊಂಡಿರುವುದು ದರಿಬಡಚಿ ಒಂದಕ್ಕೇ ಅಲ್ಲ, ದರಿಕೊಣ್ಣೂರೂ ಇದೆ. ದರಿ ಅಂದರೆ ಕಂದರ. ಕನ್ನಡಕ್ಕೂ ಮರಾಠಿಗೂ ಸೇರಿದ ಮಾತು. ಜೀಪಿನೊಳಗೂ ಹಾಗೇ, ವಾಕ್ಯ ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಬೆಳೆದು ಮತ್ತೆ ಕನ್ನಡದಲ್ಲಿ ಮುಗಿಯುತ್ತಿತ್ತು. ಗುಡ್ಡಾಪುರದ ದಾನಮ್ಮನ ಗುಡಿಗೆ ಹೊರಟಿದ್ದ ಕರ್ನಾಟಕದ ಹೆಂಗಸರಿಬ್ಬರು ನನ್ನ ಡಬ್ಬಿಯ ಕತೆ ಕೇಳಿ ಮನಸಾರೆ ನಕ್ಕರು.

ಮನೆಯ ಪಡಸಾಲೆಯಲ್ಲಿ ಆಯಿ ಕೂತಿದ್ದರು, ಸ್ನೇಹಿತೆಯ ಅಜ್ಜಿ. "ಬಾ ಯವ್ವಾ, ಕೂಡು. ದೂರಿಂದ ಬಂದೀ" ಎಂದು ಚಾಪೆ ಸರಿಸಿದರು. ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಡಬ್ಬಿ ಬಿಚ್ಚಿದೆ. ಐಸೆಲ್ಲ ನೀರಾಗಿ, ಬೇಳೆ ತಣ್ಣಗಿತ್ತು ಅನ್ನುವುದೊಂದೇ ಸಮಾಧಾನ. ಮತ್ತೆ ಫ್ರೀಜರಿಗೆ ಹಾಕುವ ಹಾಗಿಲ್ಲ, ಇವತ್ತೇ ಬೇಯಿಸಬೇಕು. ಆಯಿ ಒಂದು ಬೇಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಅವರಿಕಾಳ ಹೌದಲ್ಲ? ಇದರ ಅಂಗಿ ಯಾಕ ಕಳದೀರಿ?"

ಹಿತಕುವ ವಿಧಾನವನ್ನೆಲ್ಲ ವಿವರಿಸಿದೆ. ಆಯಿಗೆ ಅದೊಂದು ದೊಡ್ಡ ತಮಾಷೆಯಾಗಿ ಕಂಡಿತು. ಒಂದು ಕಾಳಿನ ಅಂಗಿ ಕಳೆಯಲು ಒಂದು ರಾತ್ರಿ, ಅದನ್ನು ತಣ್ಣಗಿಡಲು ಒಂದು ಪೆಟ್ಟಿಗೆ, ಪೆಟ್ಟಿಗೆ ನಡೆಸಲು ಒಂದು ಕರೆಂಟು. ನಗು ನಿಂತ ಮೇಲೆ ಹೋದ ವರ್ಷದ ಒಣಹುಲ್ಲಿನ ವಾಸನೆಯ ಸಂಗತಿಯನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅತ್ತೆಗೆ ಹೇಳಲಾಗದ್ದನ್ನು ಪರಊರಿನ ಅಜ್ಜಿಗೆ ಹೇಳುವುದು ಸುಲಭ.

"ಇಡೂ ಮದ್ಲ ಒಂದ ಕುದಿ ಬರಸಿದ್ದೇನ?"

"ಇಲ್ಲ ಅಜ್ಜಿ, ಹಸಿಯಾಗೇ ಇಟ್ಟೆ."

"ಅದಕ್ಕ."

ನಾನು ಬಾಯಿ ಬಿಟ್ಟುಕೊಂಡು ಕೂತೆ. ಫ್ರೀಜರಿನ ಬಾಗಿಲನ್ನೇ ತೆಗೆದು ನೋಡದ ಮುದುಕಿ, ಆಹಾರ ವಿಜ್ಞಾನದವರು ಬ್ಲಾಂಚಿಂಗ್ ಅನ್ನುವುದನ್ನು ಒಂದು ಪದದಲ್ಲಿ ಹೇಳಿ ಮುಗಿಸಿದ್ದರು. ತರಕಾರಿಯನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ ತೆಗೆದು ತಣ್ಣೀರಿಗೆ ಬಿಟ್ಟು ಆಮೇಲೆ ಹೆಪ್ಪುಗಟ್ಟಿಸಬೇಕು. ಕಾಳಿನೊಳಗಿನ ಕಿಣ್ವಗಳು ಚಳಿಗೆ ಸಾಯುವುದಿಲ್ಲ, ಮಂದವಾಗುತ್ತವೆ ಅಷ್ಟೆ. ಮೈನಸ್ 18 ಡಿಗ್ರಿಯಲ್ಲೂ ತಿಂಗಳುಗಟ್ಟಲೆ ಮೆಲ್ಲಗೆ ಕೆಲಸ ಮಾಡಿ ಬಣ್ಣ ಕೆಡಿಸುತ್ತವೆ, ಹುಲ್ಲಿನ ವಾಸನೆ ತರಿಸುತ್ತವೆ. ಅವು ಸುಮ್ಮನಾಗುವುದು ಬಿಸಿಗೆ ಮಾತ್ರ. ಕಾರ್ಖಾನೆಯ ಬಟಾಣಿ ಆರು ತಿಂಗಳಾದರೂ ಹಸಿರಾಗಿರುವುದರ ಹಿಂದೆ ಇರುವುದು ಬಣ್ಣವಲ್ಲ, ಆ ಒಂದು ಕುದಿ.

ಆಯಿಗೆ ಇದು ಗೊತ್ತಾದದ್ದು ಹೇಗೆ? "ಬಾ ಇಲ್ಲೆ" ಎಂದು ಅಡಿಗೆಮನೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಕತ್ತಲ ಕೋಣೆ. ಗೋಡೆಗುಂಟ ಒಂದರ ಮೇಲೊಂದು ಗಡಿಗೆ, ಪಕ್ಕದಲ್ಲಿ ಎಣ್ಣೆಯ ಹಳೆಯ ಡಬ್ಬಗಳು. ಒಂದೊಂದರ ಬಾಯಿ ಬಿಚ್ಚಿದಾಗಲೂ ಒಂದೊಂದು ಋತು ಮೂಗಿಗೆ ಬಡಿಯಿತು. ಒಂದರಲ್ಲಿ ಚವಳಿಕಾಯಿ, ನಮ್ಮ ಕಡೆ ಗೋರಿಕಾಯಿ ಅನ್ನುವುದು. ಉಪ್ಪು ನೀರಿನಲ್ಲಿ ಒಂದು ಕುದಿ ಬರಿಸಿ ಒಣಗಿಸಿದ್ದು, ಸುಕ್ಕಿದ್ದರೂ ಹಸಿರು ಮಾಸಿರಲಿಲ್ಲ. ಒಂದರಲ್ಲಿ ಬದನೆಯ ಹೋಳು, ಕಂದು ಚರ್ಮದ ಚೂರಿನಂತೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಪುಂಡಿಯ ಎಲೆ, ಹಾಗಲದ ಬಿಲ್ಲೆ. ಕೊನೆಯ ಗಡಿಗೆಯ ಬಟ್ಟೆ ಬಿಚ್ಚಿದಾಗ ಹುಳಿಯೂ ಮಣ್ಣೂ ಬೆರೆತ ಒಂದು ವಾಸನೆ. ಮುಟ್ಟಿದರೆ ಪುಡಿಯಾಗುವ ಕಡುಹಸಿರು ಎಲೆ, ಒಣಗಿಸಿದ ಕಡ್ಲಿ ಪಲ್ಯ.

"ಬ್ಯಾಸಗ್ಯಾಗ ಇಲ್ಲಿ ಹುಲ್ಲಕಡ್ಡಿ ಸಿಗಂಗಿಲ್ಲ. ಆವಾಗ ಇದನ್ನ ತಗೀತೀವಿ."

ಎಪ್ಪತ್ತೆರಡರ ಬರದ ಮಾತು ಬಂತು. ಮಹಾರಾಷ್ಟ್ರ ಈಗಲೂ ಮರೆಯದ 1972ರ ಬರ. ಆಗ ಆಯಿ ಹೊಸದಾಗಿ ಈ ಮನೆಗೆ ಬಂದ ಸೊಸೆ. ಸರಕಾರದ ಕಾಮಗಾರಿಯಲ್ಲಿ ಕಲ್ಲು ಒಡೆದು, ಸುಕಡಿ ಎಂಬ ಪರಿಹಾರದ ತಿನಿಸು ತಿಂದು, ಹೊರದೇಶದಿಂದ ಬಂದ ಕೆಂಪು ಮೈಲೊ ಜೋಳದ ರೊಟ್ಟಿ ಬಡಿದರಂತೆ. ಆ ರೊಟ್ಟಿ ಬಾಯಿಗೆ ಹೋಗುತ್ತಿದ್ದದ್ದು ಅತ್ತೆ ಒಣಗಿಸಿಟ್ಟಿದ್ದ ಕಡ್ಲಿ ಎಲೆಯಿಂದ. "ಆಕಿ ಸತ್ತ ಮ್ಯಾಲೂ ಆಕಿ ಒಣಗಿಸಿದ್ದ ಉಂಡೇವ" ಅಂದರು. ನನ್ನ ಅತ್ತೆಯ 'ಸತ್ತ ತರಕಾರಿ' ನೆನಪಾಗಿ ಸುಮ್ಮನಾದೆ.

"ಬಿಸಲಾಗ ಒಣಗಸ್ತೀರಾ ಅಜ್ಜಿ?"

"ಬಿಸಲಾಗ ಇಟ್ರ ಎಲಿ ಸುಟ್ಟು ಹೊಕ್ಕತಿ. ನೆಳ್ಳಾಗ. ಗಾಳಿ ಇರಬೇಕ, ಬಿಸಲ ಇರಬಾರದ."

ಈ ಮಾತನ್ನು ಗಂಟು ಕಟ್ಟಿಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಾಯ್ದಿಡುವ ಚಾಳಿ ಈ ಸೀಮೆಯ ಮಣ್ಣಿನಲ್ಲೇ ಇದೆ. ಜೋಳಕ್ಕೆ ಹಗೇವು ಇತ್ತು, ನೆಲದೊಳಗಿನ ಕಣಜ. ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಸಾಂಗಲಿಯ ಮಗ್ಗುಲ ಹರಿಪುರದಲ್ಲಿ ಅರಿಶಿನವನ್ನೂ ಹೀಗೆಯೇ ನೆಲದಡಿಯ ಪೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. 2005ರ ಕೃಷ್ಣೆಯ ಮಹಾಪೂರ ಅವುಗಳಲ್ಲಿ ಬಹಳಷ್ಟನ್ನು ಹಾಳುಮಾಡಿತು.

ರಾತ್ರಿ ಊಟಕ್ಕೆ ಎರಡು ಪಲ್ಯ ಎದುರುಬದುರು ಕೂತವು. ಒಂದು ನನ್ನ ಹಿತಕಿದ ಬೇಳೆ. ವೈನಿ, ಅಂದರೆ ಸ್ನೇಹಿತೆಯ ಅತ್ತಿಗೆ, ಅದಕ್ಕೆ ಶೇಂಗಾಪುಡಿ, ಮಸಾಲಿ ಖಾರ ಹಾಕಿ ಮಾಗಡಿಯವರು ಗುರುತೇ ಹಿಡಿಯದಂತೆ ಮಾಡಿದ್ದರು. ಇನ್ನೊಂದು ಒಣ ಚವಳಿಕಾಯಿ, ಬಿಸಿನೀರಲ್ಲಿ ನೆನೆಸಿ ಬೆಲ್ಲ ಹಾಕಿ ಬೇಯಿಸಿದ್ದು. ಆಯಿ ನನ್ನ ಬೇಳೆಯನ್ನು ರೊಟ್ಟಿಯಲ್ಲಿ ಮುರಿದುಕೊಂಡು ತಿಂದು ತೀರ್ಪು ಕೊಟ್ಟರು: "ಚೊಲೊ ಐತಿ. ಖರೆ, ಹಲ್ಲಿಗೆ ಕೆಲಸ ಇಲ್ಲ." ಅವರ ಬಾಯಲ್ಲಿ ನಾಲ್ಕೇ ಹಲ್ಲಿದ್ದವು ಎಂಬುದನ್ನು ಇಲ್ಲಿ ದಾಖಲಿಸಬೇಕು. ಒಣ ಚವಳಿಕಾಯಿಗೆ ಹಸಿಯದರ ರುಚಿಯಿರಲಿಲ್ಲ, ಬೇರೆಯದೇ ಒಂದು ರುಚಿಯಿತ್ತು; ಜಗಿಯುತ್ತ ಹೋದಂತೆ ಬಿಚ್ಚಿಕೊಳ್ಳುವ, ಸ್ವಲ್ಪ ಹೊಗೆಯಂಥ, ಸ್ವಲ್ಪ ಮಾಂಸದಂಥ ರುಚಿ. ಮೂರು ರೊಟ್ಟಿ ತಿಂದೆ.

ಪಕ್ಕದಲ್ಲಿ ಕೂತಿದ್ದ ವೈನಿ ಮೆಲ್ಲಗೆ, "ಅಕ್ಕಾರ, ನಾನೂ ಮಟಾರ್ ಪಾಕೀಟ ತರ್ತೇನಿ, ಹುಡುಗರ ಬರ್ತ್‌ಡೇಕ್ಕ ಪಲಾವ ಮಾಡಾಕ" ಅಂದರು, ತಪ್ಪೊಪ್ಪಿಗೆಯಂತೆ. ಆಯಿ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಎಲ್ಲ ಊರಿನ ಅತ್ತೆಯರಿಗೂ ಈ ವಿದ್ಯೆ ಬರುತ್ತದೆ.

ಮಲಗಿದಾಗ ಆ ಪಾಕೀಟಿನ ಕತೆ ಶುರುವಾದ, ಇಂದಿನ ಕೆನಡಾದ ಲ್ಯಾಬ್ರಡಾರಿನ ನೆನಪು. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು 1912ರಲ್ಲಿ ಅಲ್ಲಿಗೆ ಹೋದವನು, ಇನುಯಿಟ್ ಜನ ಹಿಡಿದ ಮೀನು ಆ ಚಳಿಗಾಳಿಗೆ ಕ್ಷಣದಲ್ಲಿ ಕಲ್ಲಾಗುವುದನ್ನೂ, ತಿಂಗಳುಗಳ ನಂತರ ಕರಗಿಸಿದರೆ ಹಸಿ ಮೀನಿನಂತೆಯೇ ಇರುವುದನ್ನೂ ಕಂಡ. ಗುಟ್ಟು ಇದ್ದದ್ದು ವೇಗದಲ್ಲಿ. ನೀರು ಮಂಜಾಗುವಾಗ ಶೇಕಡಾ ಒಂಬತ್ತರಷ್ಟು ಹಿಗ್ಗುತ್ತದೆ. ನಿಧಾನವಾಗಿ ಗಟ್ಟಿಯಾದರೆ ದೊಡ್ಡ ಹರಳು ಕಟ್ಟಿ ಜೀವಕೋಶದ ಗೋಡೆ ಹರಿಯುತ್ತದೆ, ಬೇಗ ಆದರೆ ಹರಳು ಸಣ್ಣದಾಗಿ ಗೋಡೆ ಉಳಿಯುತ್ತದೆ. ಆ ತಿಳಿವಿನಿಂದ ಹುಟ್ಟಿದ ಪ್ಯಾಕೆಟ್ಟುಗಳು 1930ರ ಮಾರ್ಚ್ 6ರಂದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾರಾಟಕ್ಕೆ ಬಂದವು. ನಮ್ಮ ದೇಶದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ದಿಲ್ಲಿಯಲ್ಲಿ ಸಫಲ್ ಶುರುಮಾಡಿದ್ದು 1988ರಲ್ಲಿ, ಮಟಾರ್ ಪಾಕೀಟು ಎಂದರೆ ಎಷ್ಟೋ ಮನೆಗಳಿಗೆ ಇವತ್ತಿಗೂ ಅದೇ. ಹಿಮದ ನಾಡಿನವರಿಗೆ ಚಳಿ ಪುಕ್ಕಟೆ, ಅವರು ಚಳಿಯಿಂದ ಕಾಯ್ದರು. ಇಲ್ಲಿ ಪುಕ್ಕಟೆ ಸಿಗುವುದು ಒಣಗಾಳಿ. ಹೀಗೆಲ್ಲ ಯೋಚಿಸುತ್ತ ನಿದ್ದೆ ಬಂತು.

ಅಮಾವಾಸ್ಯೆಯ ಬೆಳಗು. ಇನ್ನೂ ಮಬ್ಬುಗತ್ತಲಿದ್ದಾಗಲೇ ಸ್ನೇಹಿತೆ ಎಬ್ಬಿಸಿದಳು, "ಮಂಜ ಹೋಗೂದ್ರಾಗ ಹೊಲಕ್ಕ ಹೋಗೂಣು." ತಡವಾಗಿ ಬಿತ್ತಿದ ಒಂದು ಪಟ್ಟಿ ಕಡ್ಲಿ ಇನ್ನೂ ಎಳೆಯದಾಗಿತ್ತು. ಅದರ ಮೇಲೆ ಒಂದು ಬಿಳಿ ಪಂಚೆ ಹಾಸಿತ್ತು. ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡೆ. ಅವಳು ಅದನ್ನು ಎತ್ತಿ ಬೋಗುಣಿಗೆ ಹಿಂಡಿದಳು. ತಿಳಿನೀರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಹುಳಿ! ನಿಂಬೆಯ ಹುಳಿಯಲ್ಲ, ಹುಣಸೆಯದ್ದಲ್ಲ. ಚುರುಕ್ಕೆಂದು ಹಲ್ಲಿನ ಬುಡಕ್ಕೆ ಇಳಿಯುವ ಹುಳಿ. ಕಡ್ಲಿ ಗಿಡದ ಮೈಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಒಸರುತ್ತವೆ; ರಾತ್ರಿ ಬಿದ್ದ ಇಬ್ಬನಿಯಲ್ಲಿ ಅದು ಕರಗಿ ಬಟ್ಟೆಗೆ ಇಳಿಯುತ್ತದೆ. ಹೊಟ್ಟೆನೋವಿಗೆ ಇದೇ ಮದ್ದಂತೆ. ಆಕಾಶದಿಂದ ಬಿದ್ದ ನೀರು, ಎಲೆಯಿಂದ ಬಂದ ಹುಳಿ, ಯಂತ್ರವಿಲ್ಲ, ಬೆಂಕಿಯಿಲ್ಲ. ಐವತ್ತು ವರ್ಷ ಅಡಿಗೆಮನೆಯಲ್ಲಿ ಕಳೆದವಳು ನಾನು, ಇಬ್ಬನಿಯನ್ನು ಹಿಂಡಿ ಅಡಿಗೆಗೆ ತರಬಹುದೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ.

ಕುಡಿ ಚಿವುಟಿದೆವು. ಚಿವುಟಿದಷ್ಟೂ ಕವಲು ಒಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಚಿವುಟುತ್ತಲೇ ಬಾಯಿಗೆ. ಮನೆಗೆ ಒಯ್ದ ಮೇಲೂ ಇದನ್ನು ತೊಳೆಯುವುದಿಲ್ಲ, ತೊಳೆದರೆ ಹುಳಿ ಹೋಯಿತು, ರುಚಿ ಹೋಯಿತು. ಫ್ರೀಜರಿಗೆ ಹಾಕುವ ಕ್ರಮದಲ್ಲಿ ಮೊದಲು ತೊಳೆಯಬೇಕು, ಆಮೇಲೆ ಕುದಿಸಬೇಕು. ಅಲ್ಲಿಗೆ ಕಡ್ಲಿ ಪಲ್ಯದ ಆತ್ಮವೆಲ್ಲ ಬಚ್ಚಲಿಗೆ. ಆಯಿಯ ಗಡಿಗೆಯಲ್ಲಿ ಮಾತ್ರ ಹುಳಿ ಉಳಿದಿತ್ತು.

ಜೋಳದ ಸಾಲುಗಳ ನಡುವೆ ನೆಲಕ್ಕಂಟಿ ಹಕ್ಕರಕಿ ಹಬ್ಬಿತ್ತು. ಯಾರೂ ಬಿತ್ತದ, ಯಾರೂ ನೀರು ಹಾಯಿಸದ ಎಲೆ. ಕಿತ್ತರೆ ತುದಿಯಲ್ಲಿ ಹಾಲು. ಮಧ್ಯಾಹ್ನ ಬನ್ನಿಯ ಮರದಡಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬಂದ ಮೇಲೆ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಗಾಯಿ, ಪುಂಡಿ ಪಲ್ಯ, ಮಡಕಿಕಾಳು, ಶೇಂಗಾ ಹೋಳಿಗಿ, ಅಗಸಿ ಹಿಂಡಿ, ಬಾನ. ಅದರ ಮೇಲೆ ರಾಶಿ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಲ್ಲ ಹಸಿ. ಲಾತೂರು ಸೋಲಾಪುರದ ಮರಾಠಿ ಮಂದಿ ಇದೇ ಹಬ್ಬವನ್ನು ವೇಳ ಅಮಾವಾಸ್ಯೆ, ಯೇಳವಸ ಅನ್ನುತ್ತಾರೆ. ನಮ್ಮ 'ಎಳ್ಳು' ಗಡಿ ದಾಟಿ ಹಾಗಾಯಿತು ಎಂದು ಹೇಳುವವರಿದ್ದಾರೆ. ಹಕ್ಕರಕಿಯನ್ನು ರೊಟ್ಟಿಗೆ ಸುತ್ತಿ ಕಚ್ಚಿದೆ. ಮೊದಲು ಕಹಿ, ಹಿಂದೆಯೇ ಸಿಹಿ, ಹಲ್ಲಿನಡಿ ಕರಕರ. ಕಿತ್ತು ಅರ್ಧ ತಾಸೂ ಆಗಿರಲಿಲ್ಲ.

ತಾಜಾ ಅಂದರೆ ಇದು. ಜತ್ತದ ಗಾಡಿಯವರು ಕೂಗುತ್ತಿದ್ದದ್ದಲ್ಲ, ಬೆಂಗಳೂರಿನ ಮಾಲಿನಲ್ಲಿ ಹನಿ ಉದುರಿಸಿ ದೀಪ ಬಿಟ್ಟು ಇಟ್ಟಿರುವುದಲ್ಲ. ಹೊಲದಿಂದ ಬಾಯಿಗೆ ನಡೆದು ಹೋಗುವಷ್ಟು ದೂರ. ಅದರಾಚೆಯದೆಲ್ಲ ಕಾಯ್ದಿಟ್ಟದ್ದೇ; ಕೆಲವನ್ನು ಚೆನ್ನಾಗಿ ಕಾಯ್ದಿಟ್ಟಿರುತ್ತಾರೆ, ಕೆಲವನ್ನು ಕೆಟ್ಟದಾಗಿ, ಅಷ್ಟೆ. ತಾಜಾ ಎಂಬ ಚೀಟಿ ಅಂಟಿಸಿ ಲಾರಿಯಲ್ಲಿ ಬಾಡಿಸುವುದೂ ಒಂದು ಕಾಯ್ದಿಡುವಿಕೆ, ಎಲ್ಲಕ್ಕಿಂತ ಕೆಟ್ಟದ್ದು.

ಮರುದಿನ ಸ್ನೇಹಿತೆಯ ಅಣ್ಣ ತಮ್ಮ ಗುರುತಿನವರ ದ್ರಾಕ್ಷಿ ತೋಟಕ್ಕೆ ಕರೆದೊಯ್ದರು. ಚಪ್ಪರದ ತುಂಬ ಹಸಿರು ಗೊಂಚಲು, ಇನ್ನೂ ಹುಳಿ. ಪಕ್ಕದಲ್ಲಿ ಉದ್ದನೆಯ ಖಾಲಿ ಶೆಡ್ಡು; ಗೋಡೆಯಿಲ್ಲ, ಮೇಲೆ ಮಾಡು, ಸುತ್ತ ಹಸಿರು ನೆಟ್ಟು, ಒಳಗೆ ಒಂದರ ಮೇಲೊಂದು ಬಲೆಯ ರ್‍ಯಾಕು. ಫೆಬ್ರುವರಿಯಿಂದ ಏಪ್ರಿಲಿನ ತನಕ ಇದು ತುಂಬುತ್ತದೆ. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ ತೆಗೆಯುತ್ತಾರೆ, ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಿ ತೇವ ಹೊರಗೆ ಬರಲಿ ಎಂದು. ಆಮೇಲೆ ರ್‍ಯಾಕಿನ ಮೇಲೆ ಎರಡು ವಾರದಷ್ಟು ಕಾಲ. ನಾಲ್ಕು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೇದಾಣಾ, ನಮ್ಮ ಒಣದ್ರಾಕ್ಷಿ. ಸಾಂಗಲಿಯ ಬೇದಾಣಾಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

"ಮಾಡು ಯಾಕೆ? ಬಯಲಿಗೆ ಹಾಕಿದರೆ ಬೇಗ ಒಣಗುವುದಿಲ್ಲವೇ?"

"ಬಿಸಲಿಗೆ ಹಾಕಿದ್ರ ಕಪ್ಪ ಆಕ್ಕತ್ರಿ. ಹಸರ ಇರಬೇಕಂದ್ರ ನೆಳ್ಳ ಬೇಕು, ಗಾಳಿ ಬೇಕು."

ನನಗೆ ಮೈ ಜುಮ್ಮೆಂದಿತು. ಆಯಿಯ ಕತ್ತಲ ಕೋಣೆಯ ಮಾತನ್ನೇ ಈ ತೋಟದ ಯಜಮಾನರು, ಆಯಿಯನ್ನು ನೋಡಿಯೂ ಇರದವರು, ಲಕ್ಷಾಂತರ ರೂಪಾಯಿಯ ವ್ಯವಹಾರದ ನಡುವೆ ಹೇಳುತ್ತಿದ್ದರು. ಹೀಗೆ ನೆರಳಲ್ಲಿ ಒಣಗಿದ ಬೇದಾಣಾ ಆಮೇಲೆ ಎಲ್ಲಿಗೆ ಹೋಗುತ್ತದೆ? ತಾಸಗಾಂವ, ಸಾಂಗಲಿಯ ಕೋಲ್ಡ್ ಸ್ಟೋರೇಜಿಗೆ! ಬಣ್ಣ ಉಳಿಯಲಿ, ಹುಳ ಬೀಳದಿರಲಿ, ದರ ಬಂದಾಗ ಹರಾಜಿಗೆ ಇಡೋಣ ಎಂದು. ಒಣಗಿಸಿದ್ದನ್ನು ತಂಪಿನಲ್ಲಿಟ್ಟು ಕಾಯುತ್ತಾರೆ. ನಮ್ಮ ಮನೆಯ ಎರಡು ಪಕ್ಷಗಳು ಇಲ್ಲಿ ಒಂದೇ ಚೀಲದಲ್ಲಿ ಸಂಸಾರ ಮಾಡುತ್ತಿದ್ದವು.

ಈ ದ್ರಾಕ್ಷಿಗೂ ನೀರು ಬೇಕಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಪಂಪಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆತ್ತಿ ತರುವ ಯೋಜನೆ ಇದೆ; ಜತ್ತ ತಾಲೂಕಿನ ಪೂರ್ವದ ಹಳ್ಳಿಗಳು ಅದರ ಬಾಲಕ್ಕಾಗಿ ವರ್ಷಗಟ್ಟಲೆ ಕಾದಿವೆ. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಇದೇ ತಾಲೂಕಿನ ತಿಕ್ಕೊಂಡಿಯ ಕೆರೆಗೆ ಬಂದಾಗ ಎರಡೂ ರಾಜ್ಯದ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಅದೂ ಕೃಷ್ಣೆಯೇ, ರೈಲಿನಲ್ಲಿ ನಾನು ದಾಟಿದವಳು. "ನೀರ ಬಂದ್ರ ಕಾಯಿಪಲ್ಲೆ ಹಾಕ್ತೀವ್ರಿ, ವರ್ಷಾ ಪೂರ್ತಿ ತಾಜಾ ತಿಂತೀವಿ" ಎಂದರು ಅಣ್ಣ. ಆಮೇಲೆ ತಾವೇ ನಕ್ಕು, "ತಿನ್ನೂದೇನ, ಮಾರ್ಕೆಟ್ಟಿಗೆ ಕಳಸ್ತೀವಿ" ಎಂದರು.

ಹಿಂತಿರುಗುವ ದಿನ ಅಡಿಗೆಮನೆಯಲ್ಲಿ ಆಯಿ, ವೈನಿ, ಸ್ನೇಹಿತೆ ಜತೆ ಕೂತು ನನ್ನ ವ್ಯಾಜ್ಯಕ್ಕೊಂದು ಪಂಚಾಯಿತಿ ನಡೆಸಿದೆ. ಬಟಾಣಿಗೆ ಪಾಕೀಟೇ ಸರಿ ಎಂಬುದು ನನ್ನ ಮತ. ಬಳ್ಳಿ ಎದುರಿಗಿಲ್ಲದಿದ್ದರೆ ಮಾರುಕಟ್ಟೆಯ ಸಿಪ್ಪೆಯೊಳಗಿನ ಹಳೆಯ ಕಾಳಿಗಿಂತ ಕೊಯ್ದ ಕೆಲವೇ ತಾಸಿನಲ್ಲಿ ಗಟ್ಟಿಯಾದದ್ದು ಮೇಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ 2015ರಲ್ಲಿ ಎಂಟು ಹಣ್ಣು ತರಕಾರಿಗಳನ್ನು ಹೋಲಿಸಿ ನೋಡಿದಾಗ ಫ್ರೋಜನ್‌ದರಲ್ಲಿ ಸಿ ಜೀವಸತ್ವ ಕಡಿಮೆಯೇನೂ ಇರಲಿಲ್ಲ, ಕೆಲವದರಲ್ಲಿ ಹೆಚ್ಚೇ ಇತ್ತು. ಆದರೆ ಬಟಾಣಿ, ಗಜ್ಜರಿ, ಪಾಲಕಿನ ಬೀಟಾ ಕ್ಯಾರೋಟಿನ್ ಬಹಳ ಇಳಿದಿತ್ತು. ಒಣಗಿಸಿದ್ದರಲ್ಲಿ ಸಿ ಜೀವಸತ್ವ ಹುಡುಕಲೇಬೇಡಿ, ಅದು ಗಾಳಿಗೇ ಹೋಗಿರುತ್ತದೆ. ನಾರು ಖನಿಜಗಳು ಉಳಿಯುತ್ತವೆ. ಇದನ್ನೆಲ್ಲ ಹೇಳಿದೆ. ಆಯಿ ಕೇಳಿ, "ಬದನಿಕಾಯಿ ಆ ಪೆಟಗ್ಯಾಗ ಇಟ್ರ?" ಅಂದರು. ಕರಗಿದಾಗ ಒದ್ದೆ ಬಟ್ಟೆಯಾಗುತ್ತದೆ ಅಜ್ಜಿ, ಸೌತೆ ಟೊಮೆಟೊಗಳೂ ಹಾಗೇ, ಮೈತುಂಬ ನೀರಿರುವವು. "ಅವಕ್ಕ ಗಡಿಗೀನ ಚೊಲೊ" ಎಂದು ಬದನೆಯ ಕೇಸನ್ನು ತಾವೇ ಮುಗಿಸಿದರು. ಸೊಪ್ಪಿನ ವಿಷಯಕ್ಕೆ ನಾವು ಹೋಗಲೇ ಇಲ್ಲ. ಹಕ್ಕರಕಿ ತಿಂದ ಬಾಯಲ್ಲಿ ಫ್ರೋಜನ್ ಪಾಲಕಿನ ಮಾತು ಹೇಗೆ ಆಡುವುದು?

ಹೊರಡುವಾಗ ಥರ್ಮೋಕೋಲ್ ಡಬ್ಬಿ ಭಾರವಾಗಿತ್ತು. ಬಿಚ್ಚಿ ನೋಡಿದರೆ ಬಟ್ಟೆಯ ಗಂಟುಗಳು, ಒಣ ಚವಳಿಕಾಯಿ, ಕಡ್ಲಿ ಪಲ್ಯ, ಬಾಳಕ. ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಕ್ಕರಕಿ, ಅದೇ ಮುಂಜಾನೆ ಕಿತ್ತದ್ದು, ನಾಲ್ಕು ಖಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ. "ನಿಮ್ಮತ್ತಿಗೆ ಒಣಾಂದ ಕೊಡು. ಎಲಿ ದಾರ‍್ಯಾಗ ನೀ ತಿನ್ನು, ಊರ ಮುಟ್ಟಂಗಿಲ್ಲ ಅದು" ಎಂದರು ಆಯಿ.

ನಾನು ಮಾತು ಕೇಳಲಿಲ್ಲ. ಅತ್ತೆಗೂ ಒಂದೆಲೆ ತೋರಿಸಬೇಕೆಂಬ ಆಸೆ. ವಿಜಯಪುರದ ಪ್ಲಾಟ್‌ಫಾರಮ್ಮಿನಲ್ಲಿ ಸಂಜೆ ಡಬ್ಬಿ ಬಿಚ್ಚಿದಾಗ ಎಲೆಯ ಅಂಚು ಕಪ್ಪಿಡಲು ಶುರುವಾಗಿತ್ತು. ರೈಲು ಬರಲು ಇಪ್ಪತ್ತು ನಿಮಿಷವಿತ್ತು. ಬೆಂಚಿನ ಮೇಲೆ ಪತ್ರಿಕೆ ಹಾಸಿ, ರೊಟ್ಟಿ ಮುರಿದು, ಹಿಂಡಿ ಉದುರಿಸಿ, ಹಕ್ಕರಕಿಯನ್ನು ಮುಷ್ಟಿ ಮುಷ್ಟಿಯಾಗಿ ತಿನ್ನತೊಡಗಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಒಮ್ಮೆ ನನ್ನನ್ನು, ಒಮ್ಮೆ ಎಲೆಯನ್ನು ನೋಡಿ, ಕೇಳದೆಯೇ ಕೈ ಚಾಚಿ ನಾಲ್ಕು ಎಲೆ ತೆಗೆದುಕೊಂಡರು.